ಹೆಗ್ಗಣದ ಜಾತಿನಿರ್ಣಯವೂ ದೇಶವ್ಯಾಪ್ತಿಯೂ

ಉಂದುರು, ಮೂಷಿಕ, ಆಖು ಎಂಬ ಶಬ್ದಗಳನ್ನು ಅಮರಸಿಂಹನು ಪರ್ಯಾಯಗಳಾಗಿ ಹೇಳಿರುವನು. ಪಾಠ ಹೇಳುವಾಗ ನಾವು ಇವಕ್ಕೆಲ್ಲ ‘ಇಲಿ’ ಎಂದೇ ಅರ್ಥ ಬರೆಯಿಸುವೆವು. ಕನ್ನಡ ನುಡಿಯಾದರೋ ಇಲಿಯನ್ನೂ ಹೆಗ್ಗಣವನ್ನೂ ಬೇರೆಬೇರೆಯಾಗಿ ಎಣಿಸಿರುವುದು. ಹಳಗನ್ನಡದ ‘ಪೆಗ್ಗಣ’ವೇ ಪಕಾರಕ್ಕೆ ಹಕಾರವು ಬಂದು ಹೆಗ್ಗಣವಾಯಿತು. ಈ ಹೆಗ್ಗಣವು ಒಂದೇ ಜಾತಿಯೋ ಹಲವೋ, ಅದರ ನೆಲೆಯು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಪ್ರಾಣಿಶಾಸ್ತ್ರಜ್ಞರು ಹೆಗ್ಗಣವನ್ನು ದಂಶಕಗಳ ಗಣದಲ್ಲಿ, ಮೂಷಿಕವಂಶದಲ್ಲಿ ಸೇರಿಸಿರುವರು. ಅದರ ಕುಲಕ್ಕೆ ‘ಬ್ಯಾಂಡಿಕೋಟ’ವೆಂಬ ಹೆಸರನ್ನು 1873ರಲ್ಲಿ ಗ್ರೇ ಎಂಬ ಆಂಗ್ಲ ವಿದ್ವಾಂಸನು ಇಟ್ಟನು. ಇದರ ಮೂಲವು ತೆಲುಗಿನ ‘ಪಂದಿಕೊಕ್ಕು’. ಹಂದಿಯಂಥ ಇಲಿಯೆಂದು ತಾತ್ಪರ್ಯ.

ಈ ಕುಲದಲ್ಲಿ ಮೂರು ಜಾತಿಗಳುಂಟು. ಮೊದಲನೆಯದು ‘ಇಂಡಿಕ’, ಎಂದರೆ ದೊಡ್ಡ ಹೆಗ್ಗಣ. ಪುದುಚೇರಿಯ ಪ್ರಾಣಿಯನ್ನು ಆಧರಿಸಿ 1800ರಲ್ಲಿ ಬೆಕ್‌ಸ್ಟೈನನು ಇದಕ್ಕೆ ಹೆಸರಿಟ್ಟನು. ಶ್ರೀಲಂಕೆ, ಭಾರತ, ನೇಪಾಳಗಳಿಂದ ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ದಕ್ಷಿಣ ಚೀನ, ತೈವಾನ್‌ಗಳವರೆಗೂ ಇದು ಕಾಣಬರುವುದು. ಎರಡನೆಯದು ‘ಬೆಂಗಾಲೆನ್ಸಿಸ್’, ಎಂದರೆ ಸಣ್ಣ ಹೆಗ್ಗಣ. ಇದು ಪಾಕಿಸ್ತಾನದಿಂದ ಮ್ಯಾನ್ಮಾರಿನವರೆಗೂ, ದಕ್ಷಿಣದಲ್ಲಿ ಶ್ರೀಲಂಕೆಯವರೆಗೂ ಹಬ್ಬಿರುವುದು. ಮನುಷ್ಯರ ಸಂಚಾರದಿಂದ ಸುಮಾತ್ರ, ಜಾವಗಳನ್ನೂ ಮುಟ್ಟಿರುವುದು. ಮೂರನೆಯದಾದ ‘ಸ್ಯಾವಿಲಿಯೈ’ ಎಂಬುದನ್ನು 1916ರಲ್ಲಿ ಓಲ್ಡ್‌ಫೀಲ್ಡ್ ಥಾಮಸನು ವರ್ಣಿಸಿದನು. ಅದರ ನೆಲೆಯು ಮ್ಯಾನ್ಮಾರ್, ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂ ದೇಶಗಳು.

ಇಲ್ಲಿ ಶಬ್ದಾರ್ಥವಿಚಾರವೊಂದು ಏಳುವುದು. ‘ಬೆಂಗಾಲೆನ್ಸಿಸ್’ ಎಂಬುದನ್ನು ಯೌಗಿಕವಾಗಿ ತೆಗೆದುಕೊಂಡು ಬಂಗಾಳದಲ್ಲಿರುವುದೇ ಲಕ್ಷಣವೆಂದರೆ, ಶ್ರೀಲಂಕೆಯ ಸಣ್ಣ ಹೆಗ್ಗಣದಲ್ಲಿ ಅವ್ಯಾಪ್ತಿ. ಬಂಗಾಳದ ಇತರ ಇಲಿಗಳಲ್ಲಿ ಅತಿವ್ಯಾಪ್ತಿ. ‘ಇಂಡಿಕ’ಕ್ಕೂ ಇದೇ ಗತಿ. ‘ನೆಸೋಕಿಯ’ವೆಂಬ ಬೇರೊಂದು ಕುಲದ ಇಲಿಗೂ ಅದೇ ವಿಶೇಷಣವಿದ್ದು, ಅದು ಪಶ್ಚಿಮದಲ್ಲಿ ಈಜಿಪ್ಟಿನವರೆಗೂ ಇರುವುದು. ಆಸ್ಟ್ರೇಲಿಯದಲ್ಲಿ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಸಲಹುವ, ಇಲಿಯೇ ಅಲ್ಲದ ಪ್ರಾಣಿಯನ್ನು ಸಹ ‘ಬ್ಯಾಂಡಿಕೂಟ್’ ಎನ್ನುವರು. ಆದುದರಿಂದ ಈ ನಾಮಗಳು ರೂಢಗಳೆಂದೇ ತಿಳಿಯತಕ್ಕುದು. ಹೆಸರು ಪ್ರಾಣಿಯನ್ನು ಗುರುತಿಸಲಿಕ್ಕೆ ಮಾತ್ರ. ಅದರ ದೇಶವನ್ನು ಪ್ರತ್ಯಕ್ಷದಿಂದಲೇ ನಿರ್ಣಯಿಸಬೇಕು.

ನಮ್ಮ ‘ಹೆಗ್ಗಣ’ ಶಬ್ದವಾದರೋ ದೊಡ್ಡದು ಸಣ್ಣದು ಎರಡಕ್ಕೂ ಸಲ್ಲುವುದು. ಆದರೆ ಗದ್ದೆಯ ಬದುವಿನಲ್ಲಿ ಬಿಲ ತೋಡಿ ಬತ್ತದ ತೆನೆಗಳನ್ನು ರಾಶಿರಾಶಿಯಾಗಿ ಕೂಡಿಡುವುದರಲ್ಲಿ ಸಣ್ಣ ಹೆಗ್ಗಣವೇ ಮುಂದು. ಬೇಸಾಯಗಾರನ ನಷ್ಟವು ಈ ಭೇದವನ್ನು ಅರಿಯದಿರುವುದರಲ್ಲಿದೆ. ಯಾವುದರ ಬಿಲವೆಂದು ತಿಳಿಯದವನು ಅದನ್ನು ತಡೆಯಲಾರನು. ಕೋಶ ರಚಿಸುವವರು ‘ಹೆಗ್ಗಣ: ದೊಡ್ಡ ಇಲಿ’ ಎಂದು ಮುಗಿಸದೆ, ಎರಡು ಜಾತಿಗಳನ್ನೂ ನಮೂದಿಸುವುದು ಯುಕ್ತವೆಂದು ನನ್ನ ವಿಜ್ಞಾಪನೆ.