ರಿಸೀವರ್ ಬಂದರೆ ಆಸ್ತಿ ಹೋದಂತೆಯೇ?

ಲಂಚದ ದುಡ್ಡಿನಲ್ಲಿ ಮಾಡಿದ್ದೆಂಬ ಶಂಕೆಯಿರುವ ಆಸ್ತಿಗೆ ಕೋರ್ಟು ರಿಸೀವರ್ ನೇಮಿಸಿತು ಎಂದರೆ ಸಾಕು, "ಮುಗೀತು, ಎಲ್ಲಾ ಸರ್ಕಾರದ ಪಾಲಾಯ್ತು" ಅನ್ನುತ್ತಾರೆ ಜನ. ಇದು ತಪ್ಪು. ರಿಸೀವರ್ ಆಸ್ತಿ ಕಿತ್ತುಕೊಳ್ಳಲು ಬಂದವನಲ್ಲ. ಸರ್ಕಾರದ ಪರವೂ ಅಲ್ಲ, ಆರೋಪಿಯ ಪರವೂ ಅಲ್ಲ. ಮುಂದೆ ಕೇಸು ಯಾರ ಕಡೆ ತೀರ್ಮಾನವಾದರೂ ಅವರಿಗೆ ಆಸ್ತಿ ಕೆಡದೆ ಸಿಗಲಿ ಎಂದು ಕೋರ್ಟು ಇಟ್ಟ ಕಾವಲುಗಾರ ಅವನು. ಆರೋಪಿ ನಿರಪರಾಧಿ ಎಂದಾದರೆ ಮುಟ್ಟುಗೋಲು ತೆರವಾಗಿ ಆಸ್ತಿ ಅವನಿಗೇ ಮರಳಬೇಕು.

ಪೊಲೀಸರೇ ಬೀಗ ಹಾಕಿ ತಮಗೆ ಬೇಕಾದವರನ್ನು ಕೂರಿಸುತ್ತಾರೆ ಎಂಬ ನಂಬಿಕೆಯೂ ಇದೆ. ಅದೂ ತಪ್ಪು. ಇಂಥ ಪ್ರಕರಣಗಳಲ್ಲಿ ಈಗಲೂ ಬಳಕೆಯಲ್ಲಿರುವುದು ಮಹಾಯುದ್ಧದ ಕಾಲದ ಒಂದು ಕಾನೂನು, 1944ರ ಕ್ರಿಮಿನಲ್ ಕಾನೂನು ತಿದ್ದುಪಡಿ ಸುಗ್ರೀವಾಜ್ಞೆ. ಅದರ ಪ್ರಕಾರ ಮೊದಲು ಸರ್ಕಾರ ಒಪ್ಪಿಗೆ ಕೊಡಬೇಕು. ಆಮೇಲೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬೇಕು. ಶಂಕೆಗೆ ಆಧಾರವೇನು, ಅಪರಾಧದಿಂದ ಬಂದ ಹಣವೆಷ್ಟು ಎಂಬುದನ್ನು ಅಫಿಡವಿಟ್‌ನಲ್ಲಿ ಹೇಳಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಕಲಮಿನ ಪ್ರಕಾರ, ಆ ಕಾಯ್ದೆಯ ಪ್ರಕರಣಗಳಲ್ಲಿ ಜಿಲ್ಲಾ ನ್ಯಾಯಾಧೀಶರ ಜಾಗದಲ್ಲಿ ವಿಶೇಷ ನ್ಯಾಯಾಧೀಶರು ಈ ಅಧಿಕಾರ ನಡೆಸುತ್ತಾರೆ. ತಾತ್ಕಾಲಿಕ ಮುಟ್ಟುಗೋಲಿನ ಆದೇಶ ಬೇಗ ಬರಬಹುದು, ಆದರೆ ಅದರ ಬೆನ್ನಿಗೇ ನೋಟಿಸು ಹೋಗಬೇಕು, ತಕರಾರು ಕೇಳಬೇಕು. ರಿಸೀವರ್ ಬೇಕೇ ಬೇಡವೇ ಎಂಬ ಮಾತು ಅದಕ್ಕಿಂತ ಬೇರೆ. ಹಾಗೆ ಮಾಡುವುದು ನ್ಯಾಯವೂ ಅನುಕೂಲವೂ ಎಂದು ಕಂಡರೆ ಮಾತ್ರ ನೇಮಕ.

ಯಾವಾಗ ಬೇಕಾಗುತ್ತದೆ? ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನೇ ನೋಡಿ. 1996ರಲ್ಲಿ ಚೆನ್ನೈನಲ್ಲಿ ವಶಪಡಿಸಿಕೊಂಡ ಆಭರಣಗಳು ಕೇಸಿನ ಜೊತೆ ಬೆಂಗಳೂರಿಗೆ ಬಂದವು. ತಮಿಳುನಾಡಿಗೆ ಮರಳಿದ್ದು 2025ರ ಫೆಬ್ರುವರಿಯಲ್ಲಿ. ಇಪ್ಪತ್ತೆಂಟು ವರ್ಷ ಪೆಟ್ಟಿಗೆಯಲ್ಲಿದ್ದರೂ ಚಿನ್ನ ಚಿನ್ನವೇ. ಎಲ್ಲ ಆಸ್ತಿಯೂ ಹಾಗಲ್ಲ. ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲು ಎಂದುಕೊಳ್ಳಿ. ಬೀಗ ಹಾಕಿದರೆ ಮೊದಲ ಮಳೆಗಾಲಕ್ಕೆ ಗೋದಾಮಿನ ಭತ್ತಕ್ಕೆ ಬೂಷ್ಟು ಹಿಡಿಯುತ್ತದೆ. ಕರೆಂಟ್ ಬಿಲ್ಲು ಕಟ್ಟದೆ ಸಂಪರ್ಕ ಹೋಗುತ್ತದೆ, ಯಂತ್ರ ತುಕ್ಕು ಹಿಡಿಯುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಹಮಾಲರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಐದು ವರ್ಷದ ಮೇಲೆ ಗೆದ್ದವರ ಕೈಗೆ ಬರುವುದು ತಗಡು, ಗೋಡೆ, ಸಾಲ. ರಿಸೀವರ್ ಬೇಕೆಂಬ ಅರ್ಜಿಯಲ್ಲಿ ಹೇಳಬೇಕಾದದ್ದು ಇದನ್ನೇ: ನಡೆಯುವ ವ್ಯವಹಾರ ನಿಂತರೆ ಎಷ್ಟು ನಷ್ಟ, ನಡೆಸುವವರು ಯಾರು, ಖರ್ಚು ಎಲ್ಲಿಂದ. ಬರೀ "ಆರೋಪ ಗಂಭೀರವಾಗಿದೆ" ಎಂದು ಬರೆದರೆ ರಿಸೀವರ್ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆರೋಪಿಯ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ಕುಟುಂಬದ ಜೀವನಕ್ಕೆ, ಕೇಸಿನಲ್ಲಿ ವಾದ ಮಾಡಿಸುವ ಖರ್ಚಿಗೆ ಮುಟ್ಟುಗೋಲಾದ ಆಸ್ತಿಯಿಂದಲೇ ಹಣ ಕೊಡಿಸಿ ಎಂದು ಕೇಳಲು ಅದೇ ಸುಗ್ರೀವಾಜ್ಞೆಯ 9ನೇ ಕಲಮಿನಲ್ಲಿ ಅವಕಾಶವಿದೆ. ಶಿಕ್ಷೆ ಇನ್ನೂ ಆಗಿಲ್ಲದವನ ಮಕ್ಕಳ ಊಟ ನಿಲ್ಲಬಾರದು. ಇದು ಆ ಕಾನೂನಿನ ಒಳ್ಳೆಯ ಗುಣ ಎಂದೇ ನಾನು ತಿಳಿದಿದ್ದೇನೆ.

ಇನ್ನು "ರಿಸೀವರ್ ತಿಂದು ಹಾಕಿದರೆ ಕೇಳುವವರು ಯಾರು?" ಎಂಬ ಅಂಜಿಕೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶ ಇದಕ್ಕೆ ಖಡಾಖಂಡಿತ ಉತ್ತರ ಕೊಡುತ್ತದೆ. ಅವನ ಸಂಭಾವನೆ ನಿಗದಿ ಮಾಡುವುದು ಕೋರ್ಟು. ಕೋರ್ಟು ಕೇಳಿದಷ್ಟು ಜಾಮೀನನ್ನು ಅವನು ಕೊಡಬೇಕು, ಹೇಳಿದ ಅವಧಿಗೆ ಲೆಕ್ಕ ಒಪ್ಪಿಸಬೇಕು. ಲೆಕ್ಕ ಕೊಡದಿದ್ದರೆ, ಬೇಕೆಂದೇ ಅಥವಾ ತೀರಾ ನಿರ್ಲಕ್ಷ್ಯದಿಂದ ನಷ್ಟ ಮಾಡಿದರೆ, ರಿಸೀವರನ ಸ್ವಂತ ಆಸ್ತಿಯನ್ನೇ ಜಪ್ತಿ ಮಾಡಿ, ಮಾರಿ, ನಷ್ಟ ತುಂಬಿಸಬಹುದು.

ಮುಟ್ಟುಗೋಲಾದ ಕಟ್ಟಡದಲ್ಲಿ ನಿಮ್ಮ ಅಂಗಡಿ ಇದ್ದರೆ, ಆ ಜಮೀನಿನಲ್ಲಿ ನಿಮಗೆ ಪಾಲಿದ್ದರೆ, ಅದರ ಮೇಲೆ ನೀವು ಸಾಲ ಕೊಟ್ಟಿದ್ದರೆ, ರಿಸೀವರನ ಮನೆಬಾಗಿಲಿಗೆ ಅಲೆಯಬೇಡಿ. ಕರಾರು ಪತ್ರ, ಬಾಡಿಗೆ ರಸೀದಿ, ಪಾಲುಪಟ್ಟಿ ಹಿಡಿದು ಕೋರ್ಟಿಗೆ ಹೋಗಿ. ಮುಟ್ಟುಗೋಲು ಕಾಯಂ ಆಗುವ ಮೊದಲೇ ತಕರಾರು ಅರ್ಜಿ ಹಾಕಿ.