ವಿವಿ ಮಾರ್ಕ್ಸ್ ಕಾರ್ಡ್‌ಗೆ ಸಹಿ ಹಾಕೋರು ಯಾರು?

ಮಗು ಮಾರ್ಕ್ಸ್ ಕಾರ್ಡ್ ತಂದ್ರೆ ನಾವೇನು ಮಾಡ್ತೀವಿ? ಕನ್ನಡಕ ಹಾಕಿಕೊಂಡು ಕೂತು ನೋಡ್ತೀವಿ. ಗಣಿತದಲ್ಲಿ ಯಾಕೆ ಕಡಿಮೆ ಬಂತು ಅಂತ ಕೇಳ್ತೀವಿ. ಆಮೇಲೆ ಸಹಿ. ವಿಶ್ವವಿದ್ಯಾಲಯಗಳಿಗೂ ಇಂಥದ್ದೊಂದು ಕಾರ್ಡ್ ಇದೆ. ಅದರ ಹೆಸರು ವಾರ್ಷಿಕ ವರದಿ. ಒಂದೇ ವ್ಯತ್ಯಾಸ ಅಂದ್ರೆ, ಇಲ್ಲಿ ಮಾರ್ಕ್ಸ್ ಬರೆಯುವುದು ಪರೀಕ್ಷೆ ಬರೆದವರೇ. ಸಹಿ ಹಾಕಬೇಕಾದ ನಾವು, ಅಂದ್ರೆ ತೆರಿಗೆ ಕಟ್ಟುವವರು, ಆ ಪುಸ್ತಕವನ್ನು ತೆರೆದೂ ನೋಡಿರುವುದಿಲ್ಲ.

ಇವತ್ತು ಅದನ್ನು ಓದೋದು ಹೇಗೆ ಅಂತ ನೋಡೋಣ. ಉದಾಹರಣೆಗೆ ಚಿತ್ರದುರ್ಗ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಈ ಜಿಲ್ಲೆಯ ಬದುಕನ್ನು ನೇರವಾಗಿ ಮುಟ್ಟುವ ಸರ್ಕಾರಿ ವಿವಿಗಳು ಎರಡು. ಒಂದು, 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಇದರ ವ್ಯಾಪ್ತಿ. ಚಿತ್ರದುರ್ಗದ ಪಕ್ಕದ ಜಿ.ಆರ್. ಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರ ಇದೆ. ಇನ್ನೊಂದು, 2012ರಲ್ಲಿ ಹುಟ್ಟಿದ, ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿವಿ. ಹಿರಿಯೂರಿನ ಬಬ್ಬೂರು ಫಾರಂ ಇದರದ್ದೇ. ಹಳೇ ಮೈಸೂರು ಸಂಸ್ಥಾನದ ಕಾಲದ ಫಾರಂ ಅದು.

ಯಾವ ವಿವಿಯ ವರದಿ ತೆಗೆದರೂ ಮೂರು ಪದ ಸಿಗುತ್ತೆ: ಬೋಧನೆ, ಸಂಶೋಧನೆ, ವಿಸ್ತರಣೆ. ಒಂದೊಂದಾಗಿ ನೋಡೋಣ.

ಬೋಧನೆ

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸೋದೇ ಇನ್‌ಪುಟ್ ಬೇರೆ, ಔಟ್‌ಪುಟ್ ಬೇರೆ ಅಂತ. ಪಂಪ್‌ಗೆ ಎಷ್ಟು ಕರೆಂಟ್ ಹೋಯ್ತು ಅನ್ನೋದು ಒಂದು ಲೆಕ್ಕ. ಎಷ್ಟು ನೀರು ಮೇಲೆ ಬಂತು ಅನ್ನೋದು ಇನ್ನೊಂದು ಲೆಕ್ಕ. ವಾರ್ಷಿಕ ವರದಿಯ ಬೋಧನೆ ಅಧ್ಯಾಯದಲ್ಲಿ ಹೆಚ್ಚಾಗಿ ಕಾಣೋದು ಕರೆಂಟಿನ ಲೆಕ್ಕ. ಎಷ್ಟು ಕೋರ್ಸ್, ಎಷ್ಟು ದಾಖಲಾತಿ, ಎಷ್ಟು ಕಟ್ಟಡ, ಎಷ್ಟು ಚಿನ್ನದ ಪದಕ.

ಹೊಸದುರ್ಗದಿಂದ ದಿನಾ ಬಸ್ ಹತ್ತಿ ಎಂ.ಎ., ಎಂ.ಕಾಂ. ಓದೋಕೆ ಬರುವ ಹೆಣ್ಣುಮಗಳಿಗೆ ಬೇಕಾದ ಲೆಕ್ಕ ಬೇರೆ. ನನ್ನ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಫಲಿತಾಂಶ ಸಮಯಕ್ಕೆ ಬಂತಾ? ಸೇರಿದ 100 ಜನರಲ್ಲಿ ಓದು ಮುಗಿಸಿದವರೆಷ್ಟು? ಮುಗಿಸಿದವರು ಎರಡು ವರ್ಷದ ನಂತರ ಏನು ಮಾಡ್ತಿದ್ದಾರೆ? ಈ ನಾಲ್ಕು ಸಂಖ್ಯೆ ಇದ್ದರೆ ಅದು ವರದಿ. ಇಲ್ಲದಿದ್ದರೆ ಅದು ಫೋಟೋ ಆಲ್ಬಂ.

ಇಲ್ಲಿ ಕೇಂದ್ರದ ರ‍್ಯಾಂಕಿಂಗ್‌ನ ಒಂದು ವಿಚಿತ್ರವನ್ನೂ ಹೇಳಬೇಕು. ಎನ್‌ಐಆರ್‌ಎಫ್ ಅಂತ ಇದೆ, 2016ರಿಂದ ರ‍್ಯಾಂಕ್ ಕೊಡ್ತಾ ಬಂದಿದೆ. ಬೋಧನೆಗೆ ಶೇ. 30, ಸಂಶೋಧನೆಗೆ ಶೇ. 30, ಪದವಿ ಫಲಿತಾಂಶಕ್ಕೆ ಶೇ. 20, 'ಔಟ್‌ರೀಚ್ ಮತ್ತು ಒಳಗೊಳ್ಳುವಿಕೆ'ಗೆ ಶೇ. 10, ಜನಾಭಿಪ್ರಾಯಕ್ಕೆ ಶೇ. 10. ಔಟ್‌ರೀಚ್ ಅಂದ್ರೆ ಹಳ್ಳಿಗೆ ಹೋಗಿ ಮಾಡಿದ ಕೆಲಸ ಅಂತ ನೀವು ಅಂದುಕೊಂಡಿರ್ತೀರಿ. ಅಲ್ಲ! ಅಲ್ಲಿ ನೋಡೋದು ಹೆಣ್ಣುಮಕ್ಕಳು, ಬಡ ಮತ್ತು ಹಿಂದುಳಿದ ವಿದ್ಯಾರ್ಥಿಗಳ ಪ್ರಮಾಣ, ಅಂಗವಿಕಲರಿಗೆ ಸೌಲಭ್ಯ, ಇವೆಲ್ಲ ಸರಿ. ಅದರ ಜೊತೆಗೆ ಹೊರ ರಾಜ್ಯ, ಹೊರ ದೇಶದಿಂದ ಎಷ್ಟು ವಿದ್ಯಾರ್ಥಿಗಳು ಬಂದರು ಅನ್ನೋದಕ್ಕೂ ಅಂಕ ಇದೆ. ಹೊಳಲ್ಕೆರೆ, ಹಿರಿಯೂರಿನ ಮಕ್ಕಳನ್ನೇ ತುಂಬಿಕೊಂಡ ಜಿಲ್ಲಾ ವಿವಿಗೆ ಅಲ್ಲಿ ಅಂಕ ಹೋಗುತ್ತೆ. ಆದರೆ ಅದನ್ನು ಕಟ್ಟಿದ್ದೇ ಆ ಮಕ್ಕಳಿಗಾಗಿ ಅಲ್ವಾ? ಹಾಗಾಗಿ ರ‍್ಯಾಂಕ್ ಒಂದನ್ನೇ ನೋಡಿ ವಿವಿಯನ್ನು ಹೊಗಳಬೇಡಿ, ತೆಗಳಬೇಡಿ.

ಸಂಶೋಧನೆ

ಇಲ್ಲಿ ಎಲ್ಲರೂ ತೋರಿಸೋದು ಪ್ರಬಂಧಗಳ ಸಂಖ್ಯೆ. ಸಂಖ್ಯೆಗೆ ಬಹುಮಾನ ಕೊಟ್ಟರೆ ಸಂಖ್ಯೆ ಹೆಚ್ಚುತ್ತೆ, ಅಷ್ಟೆ. 2018ರಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ ಒಂದೇ ಸಲ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಕಳಪೆ ಗುಣಮಟ್ಟ, ತಪ್ಪು ಮಾಹಿತಿ ಇವೇ ಕಾರಣ. ಆ ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳು ದೇಶದ ಎಷ್ಟೋ ವಿವಿಗಳ ವರದಿಯಲ್ಲಿ ಸಾಧನೆ ಅಂತ ಅಚ್ಚಾಗಿದ್ದವು.

ಕೃಷಿ ವಿವಿಗೆ ಇದಕ್ಕಿಂತ ಗಟ್ಟಿ ಅಳತೆಗೋಲು ಇದೆ: ರೈತನ ಹೊಲ. ಶೇಂಗಾ ಕಥೆ ಕೇಳಿ. ಟಿಎಂವಿ-2 ಅನ್ನೋ ತಳಿ ತಮಿಳುನಾಡಿನ ತಿಂಡಿವನಂ ಕೇಂದ್ರದಿಂದ ಬಿಡುಗಡೆಯಾಗಿದ್ದು 1940ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. ಆಮೇಲೆ ಡಜನ್‌ಗಟ್ಟಲೆ ಹೊಸ ತಳಿ ಬಂದವು. ಆದರೂ ದುರ್ಗದ ಕಡೆ ಟಿಎಂವಿ-2 ದಶಕಗಳ ಕಾಲ ಜಾಗ ಬಿಟ್ಟುಕೊಡಲಿಲ್ಲ. ರೈತರು ಹಠಮಾರಿಗಳು ಅನ್ನಬೇಡಿ. ಲೆಕ್ಕ ಹಾಕಿ. ರಾಗಿಗೆ ಎಕರೆಗೆ ನಾಲ್ಕೈದು ಕೆ.ಜಿ. ಬೀಜ ಸಾಕು, ಒಂದು ಕೆ.ಜಿ. ಬಿತ್ತಿದರೆ ನೂರಕ್ಕೂ ಹೆಚ್ಚು ಕೆ.ಜಿ. ಬರುತ್ತೆ. ಶೇಂಗಾಕ್ಕೆ ಎಕರೆಗೆ 40-50 ಕೆ.ಜಿ. ಬೇಕು, ಒಂದು ಕೆ.ಜಿ.ಗೆ ಬರೋದು ಹತ್ತರ ಆಸುಪಾಸು. ಅಂದ್ರೆ ಹೊಸ ಶೇಂಗಾ ತಳಿಯ ಬೀಜ ಹತ್ತು ಎಕರೆಯಿಂದ ಹತ್ತು ಸಾವಿರ ಎಕರೆಗೆ ಹರಡಲು ಹಲವು ಹಂಗಾಮು ಬೇಕು. ನಡುವೆ ಒಂದು ಬರ ಬಂದರೆ ಮತ್ತೆ ಮೊದಲಿನಿಂದ. ಆದ್ದರಿಂದ ವರದಿಯಲ್ಲಿ 'ತಳಿ ಬಿಡುಗಡೆ' ಅಂತ ಕಂಡರೆ ಮುಂದಿನ ಪ್ರಶ್ನೆ ಕೇಳಿ: ಎಷ್ಟು ಕ್ವಿಂಟಲ್ ಬೀಜ ತಯಾರಾಯ್ತು, ಯಾವ ತಾಲ್ಲೂಕಿಗೆ ಹೋಯ್ತು?

ಇನ್ನೊಂದು ವಿಷಯ, ಸರಾಸರಿ. ಈ ಕೃಷಿ ವಿವಿ ಹುಟ್ಟಿದಾಗ ಅದರ ವ್ಯಾಪ್ತಿ ಏಳು ಜಿಲ್ಲೆ: ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗು. ಒಂದು ಕಡೆ ವರ್ಷಕ್ಕೆ 7 ಸಾವಿರ ಮಿ.ಮೀ. ದಾಟುವ ಆಗುಂಬೆ. ಇನ್ನೊಂದು ಕಡೆ 600 ಮಿ.ಮೀ. ಬಿದ್ದರೆ ದೇವರ ದಯೆ ಅನ್ನುವ ಹಿರಿಯೂರು. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ! ಇಂಥ ಎರಡು ಲೋಕಗಳನ್ನು ಸೇರಿಸಿ ಒಂದೇ ಒಟ್ಟು ಮೊತ್ತ ಬರೆದರೆ, ಅಡಿಕೆ ಕಾಫಿಗೆ ಎಷ್ಟು ದುಡಿದರು, ಒಣಭೂಮಿಯ ಶೇಂಗಾ, ಈರುಳ್ಳಿಗೆ ಎಷ್ಟು ದುಡಿದರು ಅಂತ ಗೊತ್ತೇ ಆಗಲ್ಲ. ನಮಗೆ ತಾಲ್ಲೂಕುವಾರು ಲೆಕ್ಕ ಬೇಕು.

ವಿಸ್ತರಣೆ

ಇದು ರೈತನಿಗೆ ಹತ್ತಿರದ ಭಾಗ. ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದ ಕೆಲಸ ಮೂರು ಮೆಟ್ಟಿಲಿನದ್ದು. ಹೊಸ ವಿಧಾನವನ್ನು ಕೆಲವೇ ರೈತರ ಹೊಲದಲ್ಲಿ ಪರೀಕ್ಷಿಸೋದು ಮೊದಲನೆಯದು. ಗೆದ್ದದ್ದನ್ನು ಇನ್ನಷ್ಟು ಹೊಲಗಳಲ್ಲಿ ಬೆಳೆದು ತೋರಿಸೋದು ಎರಡನೆಯದು, ಇದೇ ಮುಂಚೂಣಿ ಪ್ರಾತ್ಯಕ್ಷಿಕೆ. ತರಬೇತಿ, ಕ್ಷೇತ್ರೋತ್ಸವದ ಮೂಲಕ ಊರಿಗೆಲ್ಲ ಹೇಳೋದು ಮೂರನೆಯದು. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು ಕೆಲಸ ಕಲಿಯುವ ಪದ್ಧತಿಯೂ ಇದೆ. ವ್ಯವಸ್ಥೆ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು.

ಆದರೆ ವರದಿಯಲ್ಲಿ 'ಇಷ್ಟು ತರಬೇತಿ, ಇಷ್ಟು ಸಾವಿರ ರೈತರಿಗೆ ಪ್ರಯೋಜನ' ಅಂತ ಬಂದಾಗ ಸ್ವಲ್ಪ ನಿಲ್ಲಿ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಊಟ ಮಾಡಿ ಹೋದವರೂ ಆ ಲೆಕ್ಕದಲ್ಲಿ ಇರ್ತಾರೆ. ಹೊಸದುರ್ಗದ ತೆಂಗಿಗೆ ನುಸಿಪೀಡೆ, ಹಿರಿಯೂರಿನ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದಾಗ, ಫೋನ್ ಮಾಡಿದ ಎಷ್ಟನೇ ದಿನಕ್ಕೆ ವಿಜ್ಞಾನಿ ತೋಟಕ್ಕೆ ಬಂದರು? ಪ್ರಾತ್ಯಕ್ಷಿಕೆ ಮಾಡಿದ ರೈತ ಮೂರು ವರ್ಷದ ಮೇಲೂ ಅದನ್ನೇ ಮುಂದುವರಿಸಿದ್ದಾನಾ? ಪಕ್ಕದ ಹೊಲದವನು ನೋಡಿ ಶುರು ಮಾಡಿದನಾ? ದಾಳಿಂಬೆ ಗಿಡಕ್ಕೆ ಎಕರೆಗೆ ಲಕ್ಷಗಟ್ಟಲೆ ಸಾಲ ಸುರಿದವನಿಗೆ ಒಂದು ವಾರ ತಡವಾದ ಸಲಹೆ, ಸಲಹೆಯೇ ಅಲ್ಲ.

ಹಾಗಂತ ಎಲ್ಲ ತಪ್ಪೂ ವಿವಿಯದ್ದೇ ಅಂತ ಅಲ್ಲ. ಹುದ್ದೆ ತುಂಬಲು ಅನುಮತಿ ಕೊಡಬೇಕಾದದ್ದು, ಹಣ ಬಿಡುಗಡೆ ಮಾಡಬೇಕಾದದ್ದು ಸರ್ಕಾರ. ಅತಿಥಿ ಉಪನ್ಯಾಸಕರನ್ನು ನಂಬಿಕೊಂಡು ವಿಭಾಗ ನಡೆಸಿ ಅಂತ ಹೇಳಿ, ಆಮೇಲೆ ರ‍್ಯಾಂಕ್ ಎಲ್ಲಿ ಅಂತ ಕೇಳೋದು ನ್ಯಾಯ ಅಲ್ಲ. ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಬರುತ್ತೆ. ಅಲ್ಲಿ ಕೂರುವ ನಿಮ್ಮ ಶಾಸಕರು ಅದರ ಮೇಲೆ ಒಂದಾದರೂ ಪ್ರಶ್ನೆ ಎತ್ತಿದ್ದಾರಾ? ಚುನಾವಣೆಗೆ ಮನೆ ಬಾಗಿಲಿಗೆ ಬಂದಾಗ ಕೇಳಿ.

ಅಷ್ಟರೊಳಗೆ ನೀವು ಮಾಡಬಹುದಾದ್ದು ಇಷ್ಟು. ನಿಮ್ಮ ವಿವಿಯ ಈ ವರ್ಷದ ವರದಿಯನ್ನೂ ಐದು ವರ್ಷದ ಹಿಂದಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಯಂ ಅಧ್ಯಾಪಕರ ಸಂಖ್ಯೆ, ಓದು ಮುಗಿಸಿದವರ ಸಂಖ್ಯೆ, ನಿಮ್ಮ ತಾಲ್ಲೂಕಿಗೆ ಬಂದ ಬೀಜದ ಪ್ರಮಾಣ: ಈ ಮೂರಕ್ಕೆ ಗೆರೆ ಎಳೆಯಿರಿ. ಸಿಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಗೆರೆ ಮೇಲೆ ಹೋಗಿದ್ದರೆ ಖುಷಿಯಿಂದ ಸಹಿ ಹಾಕಿ. ಕೆಳಗೆ ಇಳಿದಿದ್ದರೆ, ಮನೆಯಲ್ಲಿ ಮಗುವನ್ನು ಕೇಳುವ ಪ್ರಶ್ನೆಯನ್ನೇ ಅಲ್ಲೂ ಕೇಳಿ: ಯಾಕೆ ಕಡಿಮೆ ಬಂತು?