ಎರಡು ಟಿಕೆಟ್, ನಡುವೆ ಒಂದು ಗಡಿ: ಬೇರೆ ಬೇರೆಯಾಗಿ ಕಾದಿರಿಸಿದ ವಿಮಾನಗಳಲ್ಲಿ ವೀಸಾದ ಪ್ರಶ್ನೆ

ನಮ್ಮ ಕನ್ನಡ ಶಾಲೆಗಳಲ್ಲಿ ಓದಿ, ವೈದ್ಯಕೀಯ, ನರ್ಸಿಂಗ್ ಅಥವಾ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ಹೊರದೇಶಕ್ಕೆ ಹೊರಡುವ ಮಕ್ಕಳ ಪೋಷಕರು ಪ್ರವೇಶ ಪತ್ರ ಕೈಗೆ ಬಂದೊಡನೆ ಮೊದಲು ನೋಡುವುದು ವಿಮಾನದ ದರವನ್ನು. ಕಾಸರಗೋಡಿನವರಿಗೆ ಹತ್ತಿರದ ಮಂಗಳೂರು ಮತ್ತು ಕಣ್ಣೂರು ನಿಲ್ದಾಣಗಳಿಂದ ಹೊರಡುವ ನೇರ ಅಂತಾರಾಷ್ಟ್ರೀಯ ವಿಮಾನಗಳು ಬಹುತೇಕ ಕೊಲ್ಲಿ ದೇಶಗಳಿಗೆ ಹೋಗುವಂಥವು. ಆದುದರಿಂದ ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ದುಬೈಯಿಂದ ಜಾರ್ಜಿಯಾದ ತ್ಬಿಲಿಸಿಗೆ ಇನ್ನೊಂದು ಟಿಕೆಟ್ ಎಂದು ಬೇರೆ ಬೇರೆ ಸಂಸ್ಥೆಗಳಲ್ಲಿ ಕೊಂಡರೆ ಕೆಲವು ಸಾವಿರ ರೂಪಾಯಿ ಉಳಿಯುವುದು ಸಹಜ. ಉಳಿತಾಯ ತಪ್ಪಲ್ಲ. ಆದರೆ ದುಬೈಯಲ್ಲಿ ಎರಡು ಗಂಟೆ ಕುಳಿತು ಮುಂದಿನ ವಿಮಾನ ಹತ್ತುವುದಷ್ಟೇ ಎಂದು ಭಾವಿಸಿ ಹೊರಡುವವರು ಮಂಗಳೂರಿನ ಕೌಂಟರಿನಿಂದಲೇ ಹಿಂದಿರುಗಬೇಕಾಗಬಹುದು.

ಕಾರಣ ಸರಳವಾದುದು. ಒಂದೇ ಟಿಕೆಟ್ಟಿನಲ್ಲಿ ಪಯಣಿಸುವವನ ಪೆಟ್ಟಿಗೆಗೆ ಸಾಮಾನ್ಯವಾಗಿ ಕೊನೆಯ ಊರಿನ ಚೀಟಿಯನ್ನೇ ಅಂಟಿಸಲಾಗುತ್ತದೆ. ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಕೂಡ ಮೊದಲ ನಿಲ್ದಾಣದಲ್ಲಿಯೇ ದೊರೆಯುತ್ತದೆ. ನಡುವಿನ ನಿಲ್ದಾಣದಲ್ಲಿ ಅವನು ಇಮಿಗ್ರೇಷನ್ ಗೆರೆಯನ್ನು ದಾಟುವುದೇ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಆ ದೇಶವನ್ನು ಪ್ರವೇಶಿಸಿರುವುದಿಲ್ಲ. ಟಿಕೆಟ್ ಎರಡಾದರೆ ಪಯಣವೂ ಎರಡು. ಮೊದಲನೆಯ ಸಂಸ್ಥೆಯ ಹೊಣೆ ದುಬೈಗೇ ಮುಗಿಯಿತು. ಪೆಟ್ಟಿಗೆ ದುಬೈಯ ಪಟ್ಟಿಯ ಮೇಲೆ ಬಂದು ಬೀಳುತ್ತದೆ. ಅದನ್ನು ಎತ್ತಿಕೊಳ್ಳಲು ಇಮಿಗ್ರೇಷನ್ ದಾಟಬೇಕು, ಹೊರಬಂದು ಮತ್ತೆ ಎರಡನೆಯ ಸಂಸ್ಥೆಯ ಕೌಂಟರಿನಲ್ಲಿ ಒಪ್ಪಿಸಬೇಕು. ಎರಡೇ ಗಂಟೆಯಾದರೂ ಅದು ಯುಎಇ ಪ್ರವೇಶವೇ. ಪ್ರವೇಶಕ್ಕೆ ವೀಸಾ ಬೇಕು. ತಲಪಾಡಿಯನ್ನು ದಿನವೂ ದಾಟುವ ನಮಗೆ ಗಡಿಯೆಂಬುದು ಕಣ್ಣಿಗೆ ಬೀಳದ ವಸ್ತು. 2020ರಲ್ಲಿ ಅದು ಮುಚ್ಚಿದಾಗಲಷ್ಟೇ ಅದರ ಬಲ ತಿಳಿಯಿತು.

ಈ ತಪಾಸಣೆ ದುಬೈಯಲ್ಲಿ ಅಲ್ಲ, ಹೊರಡುವ ನಿಲ್ದಾಣದಲ್ಲಿಯೇ ಆರಂಭವಾಗುತ್ತದೆ. ಸರಿಯಾದ ದಾಖಲೆಯಿಲ್ಲದವರನ್ನು ಕರೆದೊಯ್ದ ವಿಮಾನ ಸಂಸ್ಥೆಯೇ ಅವರನ್ನು ಮರಳಿ ತರಬೇಕು, ಹಲವು ದೇಶಗಳಲ್ಲಿ ದಂಡವನ್ನೂ ತೆರಬೇಕು. ಆದುದರಿಂದ ಕೌಂಟರಿನ ಸಿಬ್ಬಂದಿ ಪ್ರತಿ ದೇಶದ ನಿಯಮಗಳಿರುವ ‘ಟೈಮ್ಯಾಟಿಕ್’ ಎಂಬ ದತ್ತಸಂಚಯವನ್ನು ನೋಡಿಯೇ ಪ್ರಯಾಣಿಕರನ್ನು ಬಿಡುತ್ತಾರೆ. ಅವರ ಪರದೆಯ ಮೇಲಿರುವ ಗುರಿ ದುಬೈ. ಜಾರ್ಜಿಯಾದ ವೀಸಾ ತೋರಿಸಿದರೆ ಪ್ರಯೋಜನವಿಲ್ಲ. ಹೀಗೆ ತಡೆಯಲ್ಪಟ್ಟರೆ ಅದು ಸಂಸ್ಥೆಯ ತಪ್ಪೆನಿಸುವುದಿಲ್ಲ, ಪರಿಹಾರವೂ ಇಲ್ಲ. ಎರಡನೆಯ ಸಂಸ್ಥೆಗಂತೂ ನೀವು ಬಾರದ ಪ್ರಯಾಣಿಕ. ಅದೇ ಟಿಕೆಟ್ಟಿನಲ್ಲಿ ಮರುಪ್ರಯಾಣವಿದ್ದರೆ ಅದೂ ರದ್ದಾಗುವುದು ವಾಡಿಕೆ. ಸಾಲ ಮಾಡಿ ಕೊಂಡ ಟಿಕೆಟ್ಟಿಗೆ ಇದು ಸಣ್ಣ ಪೆಟ್ಟಲ್ಲ.

ಯುಎಇ ವೀಸಾ ಪಡೆಯಲು ಮಾರ್ಗಗಳಿವೆ. 48 ಗಂಟೆ ಮತ್ತು 96 ಗಂಟೆಗಳ ಟ್ರಾನ್ಸಿಟ್ ವೀಸಾಗಳನ್ನು ಆ ದೇಶದ ವಿಮಾನ ಸಂಸ್ಥೆಗಳ ಮೂಲಕ ಮುಂಚಿತವಾಗಿಯೇ ಪಡೆಯಬೇಕು. ನಿಲ್ದಾಣದಲ್ಲಿ ಇಳಿದ ಮೇಲೆ ಕೇಳುವಂತಿಲ್ಲ. ಅಮೆರಿಕ, ಬ್ರಿಟನ್ ಅಥವಾ ಐರೋಪ್ಯ ಒಕ್ಕೂಟದ ವೀಸಾ ಇಲ್ಲವೇ ವಾಸದ ಪರವಾನಗಿಯುಳ್ಳ ಭಾರತೀಯರಿಗೆ, ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿದ್ದರೆ, ಇಳಿದ ಮೇಲೆ 14 ದಿನಗಳ ವೀಸಾ ನೀಡುವ ಏರ್ಪಾಡೂ ಉಂಟು. ಜಾರ್ಜಿಯಾಕ್ಕೆ ಹೋಗುವ ವಿದ್ಯಾರ್ಥಿಗೆ ಅದು ಅನ್ವಯಿಸದು.

ಇಲ್ಲಿ ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾಸರಗೋಡಿನಲ್ಲಾಗಲಿ ತಾಳವಾಡಿ, ಹೊಸೂರುಗಳಲ್ಲಾಗಲಿ ಶಾಲಾ ದಾಖಲೆಯಲ್ಲಿ ಹೆಸರಿನೊಡನೆ ಇನಿಷಿಯಲ್ ಇರುವುದೇ ರೂಢಿ, ಮನೆತನದ ಹೆಸರು ಅಪರೂಪ. ಹೀಗಾಗಿ ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸ್ಥಳ ಖಾಲಿಯಿದ್ದು ಒಂದೇ ಪದದ ಹೆಸರು ಉಳಿದಿರುತ್ತದೆ. ಅಂಥವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ವಿಮಾನ ಸಂಸ್ಥೆಗಳಿಗೆ ತಿಳಿಸಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಇಳಿದ ಮೇಲೆ ದೊರೆಯುವ ವೀಸಾಕ್ಕೆ ಪರಿಗಣಿಸಬಹುದೆಂಬ ಸಡಿಲಿಕೆ ಆಮೇಲೆ ಬಂತು. ಒಂದೇ ಟಿಕೆಟ್ಟಿನಲ್ಲಿ ಗೆರೆಯೊಳಗೇ ವಿಮಾನ ಬದಲಿಸುವವನಿಗೆ ಈ ತೊಡಕು ಎದುರಾಗುವುದಿಲ್ಲ. ಎರಡು ಟಿಕೆಟ್ಟಿನವನಿಗೆ ಎದುರಾಗುತ್ತದೆ. ಮಕ್ಕಳ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಇನಿಷಿಯಲ್ಲನ್ನು ಬಿಡಿಸಿ ಬರೆಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಯುರೋಪಿನಲ್ಲಿ ತೊಡಕು ಬೇರೆ ಬಗೆಯದು. ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದ್ದರೂ 29 ದೇಶಗಳ ಶೆಂಗೆನ್ ವಲಯದಲ್ಲಿಲ್ಲ. ಡಬ್ಲಿನ್‌ಗೆ ಹೋಗುವವರು ಫ್ರಾಂಕ್‌ಫರ್ಟ್‌ವರೆಗೆ ಒಂದು ಟಿಕೆಟ್, ಅಲ್ಲಿಂದ ಇನ್ನೊಂದು ಟಿಕೆಟ್ ಮಾಡಿದರೆ, ಪೆಟ್ಟಿಗೆ ತೆಗೆದುಕೊಳ್ಳಲು ಜರ್ಮನಿಯನ್ನು ಪ್ರವೇಶಿಸಬೇಕು. ಅದಕ್ಕೆ ಶೆಂಗೆನ್ ವೀಸಾ ಬೇಕು. ‘ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ’ ನಿಲ್ದಾಣದ ಅಂತಾರಾಷ್ಟ್ರೀಯ ಭಾಗದೊಳಗೆ ಇರಲು ಮಾತ್ರ, ಹೊರಬರಲು ಅಲ್ಲ. ಒಂದೇ ಟಿಕೆಟ್ ಇದ್ದರೂ ಮ್ಯೂನಿಕ್‌ನಲ್ಲಿಳಿದು ಪ್ಯಾರಿಸ್‌ಗೆ ಹಾರಿ ಅಲ್ಲಿಂದ ಕೆನಡಕ್ಕೆ ಹೋಗುವ ಮಾರ್ಗವಾದರೆ ವೀಸಾ ತಪ್ಪದು. ಮ್ಯೂನಿಕ್–ಪ್ಯಾರಿಸ್ ಆ ವಲಯದ ಒಳಗಿನ ಹಾರಾಟ. ಬ್ರಿಟನ್ನಿನಲ್ಲಿಯೂ ಗೆರೆಯೊಳಗೆ ಉಳಿಯುವವರಿಗೆ ಒಂದು, ದಾಟುವವರಿಗೆ ಇನ್ನೊಂದು ಎಂದು ಎರಡು ಬಗೆಯ ಟ್ರಾನ್ಸಿಟ್ ವೀಸಾಗಳಿವೆ. ಅಮೆರಿಕದಲ್ಲಿ ಗೆರೆಯೊಳಗಿನ ಬದಲಾವಣೆಯೇ ಇಲ್ಲ. ಟಿಕೆಟ್ ಒಂದಿರಲಿ ಎರಡಿರಲಿ, ಭಾರತೀಯರಿಗೆ ವೀಸಾ ಬೇಕೇ ಬೇಕು.

ಬರೀ ಕೈಚೀಲವಿದ್ದರೆ, ಮುಂದಿನ ಬೋರ್ಡಿಂಗ್ ಪಾಸನ್ನು ಫೋನಿನಲ್ಲಿಯೇ ಪಡೆದರೆ, ಹೊರಬರದೆ ಮುಂದುವರಿಯಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೆಲವು ನಿಲ್ದಾಣಗಳಲ್ಲಿ ಸಾಧ್ಯವಿದೆ. ಆದರೆ ಮೊದಲ ಸಂಸ್ಥೆ ಎರಡನೆಯ ಟಿಕೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕೆಂದಿಲ್ಲ. ವರ್ಷದ ಬಟ್ಟೆಬರೆ, ಉಪ್ಪಿನಕಾಯಿ ಸಹಿತ ಹೊರಡುವ ವಿದ್ಯಾರ್ಥಿಗೆ ಈ ಮಾತು ಹೊಂದುವುದೂ ಇಲ್ಲ.

ತಮ್ಮದು ಒಂದು ಟಿಕೆಟ್ಟೋ ಎರಡೋ ಎಂಬುದೇ ಹಲವರಿಗೆ ತಿಳಿದಿರುವುದಿಲ್ಲ. ಟ್ರಾವೆಲ್ಸ್ ಅಂಗಡಿಯವರು ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಡುವುದುಂಟು; ಅಗ್ಗದ ದರ ಹುಡುಕುವ ಜಾಲತಾಣಗಳು ಎರಡನ್ನು ಹೊಂದಿಸಿ ಒಂದೇ ಎಂಬಂತೆ ಮಾರುತ್ತವೆ, ಮೂಲೆಯಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದಿರುತ್ತದೆ. ಆರು ಅಕ್ಷರ–ಅಂಕಿಗಳ ಪಿಎನ್‌ಆರ್ ಜೊತೆಗೆ 13 ಅಂಕಿಗಳ ಇ–ಟಿಕೆಟ್ ಸಂಖ್ಯೆಯನ್ನೂ ನೋಡಿರಿ. ಎರಡು ಹಾರಾಟಗಳಿಗೂ ಒಂದೇ ಸಂಖ್ಯೆಯಿದ್ದರೆ ಒಂದೇ ಟಿಕೆಟ್. “ಪೆಟ್ಟಿಗೆ ಕೊನೆಯ ಊರಿನವರೆಗೆ ಹೋಗುತ್ತದೆಯೇ?” ಎಂದು ಹಣ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಂಗಳೂರು–ಮುಂಬೈ ಒಂದು, ಮುಂಬೈಯಿಂದ ಹೊರದೇಶಕ್ಕೆ ಇನ್ನೊಂದು ಎಂದಾದರೆ ವೀಸಾದ ಪ್ರಶ್ನೆಯಿಲ್ಲ, ಸಮಯದ್ದಷ್ಟೇ.

ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ ಕಳೆದ ವರ್ಷ ಹೋದ ನೆರೆಮನೆಯವರ ಮಾತಿಗಿಂತ ಆಯಾ ದೇಶದ ಅಧಿಕೃತ ತಾಣವನ್ನು ನೋಡುವುದು ಒಳಿತು. ರಜೆಗೆ ಮರಳುವಾಗಲೂ ಇದೇ ದಾರಿಯಾದರೆ, ಹೋಗುವಾಗ ಪಡೆದ ಟ್ರಾನ್ಸಿಟ್ ವೀಸಾ ಅಲ್ಲಿಗೇ ಮುಗಿದಿರುತ್ತದೆ. ಬರುವಾಗ ಹೊಸದೊಂದು ಬೇಕು.